ಘಾಟಿ ಇಳಿಯುವ ಲಾರಿ: ಹೊರಡುವ ಮುಂಚಿನ ತಪಾಸಣೆಯನ್ನು ನಾನು ಮಾಡುವ ಬಗೆ

ಹಾಸನ–ಮಂಗಳೂರು ನಡುವೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಬಹುಕಾಲದಿಂದ ಹತ್ತು ಚಕ್ರದ ಲಾರಿ ಓಡಿಸುತ್ತಿರುವ ನಾನು, ಹೊಸದಾಗಿ ಹೆವಿ ಲೈಸೆನ್ಸ್ ಪಡೆದು ಬರುವ ಹುಡುಗರನ್ನು ಆರಂಭದ ಟ್ರಿಪ್ಪುಗಳಲ್ಲಿ ಜೊತೆಗೆ ಕರೆದೊಯ್ಯುತ್ತೇನೆ. ಅವರ ಕೈಗೆ ಸ್ಟೇರಿಂಗ್ ಕೊಡುವ ಮುಂಚೆ ಗಾಡಿಯ ಸುತ್ತ ಒಂದು ಸುತ್ತು ಬರುವುದನ್ನು ಕಲಿಸುತ್ತೇನೆ. ಸರಕು ಸೇರಿ 28.5 ಟನ್ ತೂಗಬಹುದಾದ ಗಾಡಿ ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿ ಗುಂಡ್ಯದ ಕಡೆಗೆ ಇಳಿಯುವಾಗ ಬ್ರೇಕಿನ ದೋಷ ತಿಳಿದರೆ, ಅಲ್ಲಿ ನಿಲ್ಲಿಸಿ ಸರಿಪಡಿಸಲು ಜಾಗವೂ ಸಿಗುವುದಿಲ್ಲ.

ಹುಡುಗರು ಸಾಮಾನ್ಯವಾಗಿ ಕೆಟ್ಟಿರುವುದನ್ನು ಹುಡುಕಲು ಹೊರಡುತ್ತಾರೆ. ನಾನು ಹೇಳುವುದು, ನಿನ್ನೆ ಇದ್ದ ಹಾಗೆ ಇಂದು ಇದೆಯೇ ಎಂದು ನೋಡಬೇಕು, ಎಡಗಡೆ ಇರುವ ಹಾಗೆಯೇ ಬಲಗಡೆ ಇದೆಯೇ ಎಂದು ಹೋಲಿಸಬೇಕು. ಹಾಗೆ ಹೋಲಿಸಬೇಕಾದರೆ ದಿನವೂ ಒಂದೇ ಕಡೆಯಿಂದ ಹೊರಟು ಒಂದೇ ಕ್ರಮದಲ್ಲಿ ಬರಬೇಕು. ನಾನು ಡ್ರೈವರ್ ಬಾಗಿಲಿನಿಂದ ಹೊರಟು ಮುಂಭಾಗ, ಎಡಬದಿ, ಹಿಂಭಾಗ, ಬಲಬದಿ ಹೀಗೆ ಸುತ್ತುತ್ತೇನೆ. ನಡುವೆ ಫೋನ್ ಬಂದರೆ ಎಲ್ಲಿ ಬಿಟ್ಟೆನೆಂದು ನೆನಪಿಸಿಕೊಳ್ಳುವ ಗೋಜಿಗೆ ಹೋಗದೆ ಮತ್ತೆ ಮೊದಲಿನಿಂದ ಆರಂಭಿಸುತ್ತೇನೆ.

ಎಂಜಿನ್ ಶುರು ಮಾಡುವ ಮುಂಚೆ ಬಗ್ಗಿ ಗಾಡಿಯ ಅಡಿಯ ನೆಲ ನೋಡಬೇಕು. ರಾತ್ರಿಯಿಡೀ ನಿಂತ ಜಾಗದಲ್ಲಿ ಎಣ್ಣೆ, ಡೀಸೆಲ್, ಕೂಲೆಂಟ್ ಯಾವುದು ತೊಟ್ಟಿಕ್ಕಿದ್ದರೂ ಗುರುತು ಅಲ್ಲೇ ಇರುತ್ತದೆ, ಗಾಡಿ ಮುಂದೆ ಹೋದ ಮೇಲೆ ಅದು ಯಾವ ಭಾಗದಿಂದ ಬಿದ್ದದ್ದೆಂದು ಹೇಳುವುದು ಕಷ್ಟ. ಎಂಜಿನ್ ಆಯಿಲ್ ಮತ್ತು ಕೂಲೆಂಟ್ ಮಟ್ಟವನ್ನು ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಬಿಎಸ್-6 (ಹೊಸ ಹೊಗೆ ನಿಯಮದ) ಗಾಡಿಯಾದರೆ ಹೊಗೆಯನ್ನು ಶುದ್ಧಗೊಳಿಸುವ ಯೂರಿಯಾ ದ್ರವದ ಮಟ್ಟವನ್ನೂ ನೋಡಬೇಕು, ಅದು ಮುಗಿದರೆ ಎಂಜಿನ್ನಿನ ಶಕ್ತಿ ತಾನಾಗಿ ಕುಗ್ಗಿ, ಏರಿನಲ್ಲಿ ಗಾಡಿ ಎಳೆಯದಂತಾಗುತ್ತದೆ.

ಟೈರುಗಳಲ್ಲಿ ನನ್ನ ಹೆಚ್ಚಿನ ಗಮನ ಹಿಂದಿನ ಜೋಡಿಗಳ ಒಳಟೈರಿನ ಮೇಲೆ. ಹೊರಟೈರು ಸರಿಯಿದ್ದರೆ ಒಳಗಿನದರಲ್ಲಿ ಗಾಳಿ ಇಳಿದದ್ದು ಕಣ್ಣಿಗೆ ಕಾಣುವುದಿಲ್ಲ, ಆದರೆ ಅದರ ಪಾಲಿನ ಭಾರವೂ ಹೊರಟೈರಿನ ಮೇಲೆ ಬಿದ್ದು ಎರಡೂ ಬಿಸಿಯಾಗುತ್ತವೆ. ಕಬ್ಬಿಣದ ರಾಡಿನಿಂದ ಬಡಿದರೆ ಗಾಳಿಯಿರುವ ಟೈರಿನಲ್ಲಿ ರಾಡು ಪುಟಿಯುತ್ತದೆ, ಗಾಳಿ ಇಳಿದದ್ದರಲ್ಲಿ ಮಂದವಾಗಿ ಕೂರುತ್ತದೆ. ಆದರೂ ವಾರಕ್ಕೊಮ್ಮೆಯಾದರೂ ತಣ್ಣನೆಯ ಟೈರಿಗೆ ಗೇಜ್ ಹಿಡಿಯಲೇಬೇಕು. ಜೋಡಿಯ ನಡುವೆ ಸಿಕ್ಕಿಕೊಂಡ ಕಲ್ಲನ್ನು ತೆಗೆಯಬೇಕು. ಚಕ್ರದ ನಟ್ಟಿನ ಬುಡದಿಂದ ತುಕ್ಕಿನ ಗೆರೆ ಹೊರಟಿದ್ದರೆ ಆ ನಟ್ಟು ಸಡಿಲವಾಗಿದೆ ಎಂದೇ ತಿಳಿದು ಸ್ಪ್ಯಾನರ್ ಹಾಕಬೇಕು. ಅಲ್ಲೇ ಬಗ್ಗಿ ಸ್ಪ್ರಿಂಗಿನ ಪಟ್ಟಿಗಳಲ್ಲಿ ಬಿರುಕಿದೆಯೇ, ಅವನ್ನು ಆಕ್ಸಲಿಗೆ ಬಿಗಿಯುವ ಯು-ಬೋಲ್ಟು ಬಿಗಿಯಾಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಡುವುದು ಬ್ರೇಕಿನ ಗಾಳಿ, ಲಾರಿಯ ಬ್ರೇಕ್ ಕೆಲಸ ಮಾಡುವುದು ಟ್ಯಾಂಕುಗಳಲ್ಲಿ ತುಂಬಿದ ಗಾಳಿಯ ಒತ್ತಡದಿಂದ. ಮೊದಲು ಟ್ಯಾಂಕುಗಳ ಕೆಳಗಿನ ಡ್ರೈನ್ ತೆರೆದು ನೀರು ಬಿಡುತ್ತೇನೆ. ತುಸು ನೀರು ಬರುವುದು ಸಹಜ. ಎಣ್ಣೆ ಬೆರೆತ ಕೊಳಕು ನೀರು ಹೆಚ್ಚಾಗಿ ಬಂದರೆ ಗಾಳಿ ತುಂಬುವ ಕಂಪ್ರೆಸರ್ ಅಥವಾ ಗಾಳಿಯ ತೇವ ತೆಗೆಯುವ ಡ್ರೈಯರ್ ನೋಡಿಸಬೇಕು. ಆಮೇಲೆ ಚಕ್ರಗಳಿಗೆ ಮರದ ತುಂಡು ಅಡ್ಡ ಕೊಟ್ಟು, ಎಂಜಿನ್ ಓಡಿಸಿ ಗಾಳಿ ಪೂರ್ತಿ ತುಂಬಿಸಿ, ಎಂಜಿನ್ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಬಿಟ್ಟು ಪೆಡಲನ್ನು ಒತ್ತಿ ಹಿಡಿಯುತ್ತೇನೆ. ಒತ್ತಿದ ಕೂಡಲೇ ಗಾಳಿಯ ಮೀಟರಿನ ಮುಳ್ಳು ಸ್ವಲ್ಪ ಇಳಿದು ನಿಲ್ಲಬೇಕು, ನಿಲ್ಲದೆ ಇಳಿಯುತ್ತಲೇ ಇದ್ದರೆ ಎಲ್ಲೋ ಸೋರಿಕೆಯಿದೆ ಎಂದರ್ಥ. ಆಗ ಹುಡುಗನನ್ನು ಕೆಳಗಿಳಿಸಿ ಪ್ರತಿ ಚಕ್ರದ ಬಳಿಯೂ 'ಸುಯ್' ಎಂಬ ಸದ್ದಿಗೆ ಕಿವಿಗೊಡಲು ಹೇಳುತ್ತೇನೆ. ಕೊನೆಗೆ ಪೆಡಲನ್ನು ಮತ್ತೆ ಮತ್ತೆ ಒತ್ತಿ ಗಾಳಿ ಇಳಿಸಿ, ಎಚ್ಚರಿಕೆಯ ಬಜರ್ ಕೂಗುವುದನ್ನು ಖಚಿತಪಡಿಸಿಕೊಳ್ಳುತ್ತೇನೆ.

ಲೈಟು, ಇಂಡಿಕೇಟರ್, ವೈಪರ್, ಕನ್ನಡಿಗಳನ್ನು ಕ್ಲೀನರ್ ಜೊತೆ ನಿಂತು ಬೇಗ ಮುಗಿಸಬಹುದು. ಹಿಂದಿನ ಕೆಂಪು ಮತ್ತು ಬದಿಯ ಹಳದಿ ರಿಫ್ಲೆಕ್ಟರ್ ಟೇಪಿನ ಮೇಲಿನ ಕೆಸರನ್ನು ಒರೆಸುವುದನ್ನು ಮರೆಯಬಾರದು, ಸಕಲೇಶಪುರದ ಮಂಜಿನಲ್ಲಿ ಹಿಂದೆ ಬರುವವನಿಗೆ ಮೊದಲು ಕಾಣುವುದು ಅದೇ. ಟಾರ್ಪಾಲಿನ ಹಗ್ಗ ಎಳೆದು ನೋಡಿ, ಕಾಗದಪತ್ರಗಳ ಅವಧಿ ನೋಡಿಕೊಂಡರೆ ಸುತ್ತು ಮುಗಿಯುತ್ತದೆ. ಎಫ್.ಸಿ. (ಗಾಡಿ ಓಡಲು ಯೋಗ್ಯವೆಂಬ ಪತ್ರ) ಇದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಗಾಡಿಗೆ ಎಂಟು ವರ್ಷವಾಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಸಿಗುವ ಆ ಪತ್ರ, ಪರೀಕ್ಷೆಯ ದಿನ ಗಾಡಿ ಹೇಗಿತ್ತೆಂಬುದನ್ನಷ್ಟೇ ಹೇಳುತ್ತದೆ.

ಘಾಟಿ ಇಳಿಯುವ ಮುಂಚೆ ಸಕಲೇಶಪುರದಲ್ಲಿ ಚಹಾಕ್ಕೆ ನಿಂತಾಗ ಇನ್ನೊಂದು ಸುತ್ತು ಬರುತ್ತೇನೆ. ಅಂಗೈ ಹಿಂಭಾಗವನ್ನು ಪ್ರತಿ ಹಬ್ಬಿನ (ಚಕ್ರದ ನಡುಭಾಗದ) ಹತ್ತಿರ, ಮುಟ್ಟದೆ, ಹಿಡಿಯುತ್ತೇನೆ. ಒಂದು ಮಾತ್ರ ಹೆಚ್ಚು ಬಿಸಿಯಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಹಾಳಾಗುತ್ತಿದೆ. ಒಂದು ಮಾತ್ರ ತಣ್ಣಗಿದ್ದರೆ ಆ ಚಕ್ರದ ಬ್ರೇಕ್ ಕೆಲಸ ಮಾಡುತ್ತಿಲ್ಲದಿರಬಹುದು, ಹುಡುಗರು ಗಮನಿಸದೆ ಬಿಡುವುದು ಇದನ್ನೇ. ಎರಡರಲ್ಲಿ ಯಾವುದು ಕಂಡರೂ ಮೆಕ್ಯಾನಿಕ್ ಬಂದು ನೋಡುವವರೆಗೆ ಗಾಡಿಯನ್ನು ಅಲ್ಲೇ ನಿಲ್ಲಿಸಿ, ಮಾಲೀಕರಿಗೆ ಫೋನ್ ಮಾಡಿ, ಯಾವ ಚಕ್ರ, ಏನು ಕಂಡಿತು ಎಂಬುದನ್ನು ಗಾಡಿಯ ಪುಸ್ತಕದಲ್ಲಿ ಬರೆದಿಡಲು ಹುಡುಗನಿಗೆ ಹೇಳುತ್ತೇನೆ.