ಕಂಪನಿ ನಾಟಕದ ಕಾಲುಪೇಟಿಯಲ್ಲಿ ಕೊರೆಲ್ಲಿ

ಬೆಳಗಾವಿ ಕ್ಯಾಂಪಿನ ಹಳೇ ಕಲ್ಲಿನ ಚರ್ಚೊಂದರಲ್ಲಿ ಹೋದ ಡಿಸೆಂಬರ್‌ನಲ್ಲಿ ನಾವು ಹದಿನೇಳನೇ ಶತಮಾನದ ಇಟಲಿಯ ಸಂಯೋಜಕ ಕೊರೆಲ್ಲಿಯ ಚರ್ಚ್ ಸೊನಾಟಾಗಳನ್ನು, ಅಂದರೆ ಚರ್ಚಿಗೆಂದು ಬರೆದ ವಾದ್ಯ ಕೃತಿಗಳನ್ನು, ನುಡಿಸಿದೆವು. ಆ ಕಾಲದ ಯುರೋಪಿನ ಸಂಗೀತಕ್ಕೆ ಬರೋಕ್ ಅಂತ ಹೆಸರು. ಎರಡು ಪಿಟೀಲು, ಒಂದು ಚೆಲ್ಲೊ, ಒಂದು ಕಾಲುಪೇಟಿ, ಅಂದರೆ ಕಾಲಲ್ಲಿ ತಿದಿ ಒತ್ತುವ ಹಾರ್ಮೋನಿಯಂ. ಹೌದು, ಪೇಟಿಯೇ. "ಪೇಟಿ ಇಟ್ಕೊಂಡು ಬರೋಕ್ ಬಾರಿಸಿದ್ರ ಅದು ಭಜನಿ ಆಗತೈತಿ" ಅಂತ ನಕ್ಕವರಲ್ಲಿ ಇಬ್ಬರು ಅವತ್ತು ಮುಂದಿನ ಬೆಂಚಿನಲ್ಲೇ ಕೂತಿದ್ದರು. ಮುಗಿದ ಮೇಲೆ ಪೇಟಿಯ ಮುಚ್ಚಳ ತೆಗೆಸಿ ಒಳಗೆ ಇಣುಕಿ ನೋಡಿದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಮೊದಲು ನಾವೂ ಎಲ್ಲರಂತೆ ಕೀಬೋರ್ಡ್ ಬಾಡಿಗೆ ತರುತ್ತಿದ್ದೆವು. ಒಂದು ಸಂಜೆಗೆ ಸಾವಿರದ ಐನೂರು, ಸ್ಪೀಕರ್‌ಗೆ ಮತ್ತೆ ಬೇರೆ. ಅದರಲ್ಲಿನ ಹಾರ್ಪ್ಸಿಕಾರ್ಡ್ (ತಂತಿ ಮೀಟುವ ಹಳೇ ಕಾಲದ ಕೀಬೋರ್ಡ್ ವಾದ್ಯ) ದನಿ ಸ್ಪೀಕರ್‌ನಿಂದ ಕಲ್ಲಿನ ಗೋಡೆಗೆ ಬಡಿದರೆ ಸ್ಟೀಲ್ ಡಬ್ಬಿಯಲ್ಲಿ ಚಮಚ ಹಾಕಿ ಅಲ್ಲಾಡಿಸಿದಂತೆ ಕೇಳುತ್ತಿತ್ತು. ಒಮ್ಮೆ ಅಡಾಜಿಯೊ, ಅಂದರೆ ನಿಧಾನದ ಭಾಗದ ನಡುವೆ ಕರೆಂಟ್ ಹೋಯಿತು. ಚೆಲ್ಲೊ ಒಂದೇ ಉಳಿಯಿತು. ನಿಜವಾದ ಹಾರ್ಪ್ಸಿಕಾರ್ಡ್ ತರಿಸೋಣ ಅಂದರೆ ಲಕ್ಷಗಟ್ಟಲೆ ದುಡ್ಡು. ತಂದರೂ ನಮ್ಮ ಮಳೆಗಾಲದಲ್ಲಿ ಅದನ್ನು ಶ್ರುತಿಯಲ್ಲಿ ಇಡೋದು ಯಾರು?

ಆಮೇಲೆ ಕೊರೆಲ್ಲಿಯ ಪುಸ್ತಕವೇ ದಾರಿ ತೋರಿಸಿತು. 1681ರ ಓಪಸ್ 1, 1689ರ ಓಪಸ್ 3 (ಓಪಸ್ ಅಂದರೆ ಅಚ್ಚಾದ ಕೃತಿಸಂಗ್ರಹದ ಸಂಖ್ಯೆ), ಎರಡರಲ್ಲೂ ಬಾಸ್, ಅಂದರೆ ತಗ್ಗಿನ ದನಿಯ ಭಾಗ, ಬರೆದಿರೋದು ಆರ್ಗನ್‌ಗೆ. ಅಂದರೆ ಗಾಳಿ ವಾದ್ಯಕ್ಕೆ. ಗಾಳಿ ವಾದ್ಯ ನಮ್ಮಲ್ಲಿ ಓಣಿಗೊಂದು ಇದೆಯಲ್ಲ! ಆದರೆ ಕೈಪೇಟಿಯಲ್ಲಿ ಎಡಗೈ ತಿದಿ ಒತ್ತೋದಕ್ಕೇ ಹೋಗುತ್ತೆ. ಒಂದೇ ಕೈಯಲ್ಲಿ ಕಾರ್ಡ್ (ಒಟ್ಟಿಗೆ ಒತ್ತುವ ಮೂರ್ನಾಲ್ಕು ಸ್ವರ) ಹಿಡಿದರೆ ತೆಳ್ಳಗೆ ಕೇಳುತ್ತೆ, ಅಲ್ವಾ? ಕಾಲುಪೇಟಿಯೇ ಬೇಕಿತ್ತು. ನಾಟಕ ಕಂಪನಿಗಳ ಪೇಟಿ ಮಾಸ್ತರರು ನುಡಿಸುತ್ತಿದ್ದದ್ದು ಅದನ್ನೇ.

ಸಿಕ್ಕಿದ್ದು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಕಡೆ, ಹಳೇ ಪೇಟಿ ಮಾಸ್ತರರೊಬ್ಬರ ಮನೆಯಲ್ಲಿ. ಅದರ ಮೇಲೆ ಜೋಳದ ಚೀಲ ಇಟ್ಟಿದ್ದರು. ಇಪ್ಪತ್ತೈದು ಸಾವಿರ ಕೇಳಿ ಹದಿನೆಂಟಕ್ಕೆ ಬಂದರು. ತಿದಿಯ ಚರ್ಮ ಇಲಿ ತಿಂದಿತ್ತು. ರಿಪೇರಿಗೆ ಸುಮಾರು ಹದಿನಾಲ್ಕು ಸಾವಿರ, ಟೆಂಪೋಗೆ ಮೂರೂವರೆ.

ನಿಜವಾದ ಕೆಲಸ ಶುರುವಾದದ್ದು ಶ್ರುತಿಯಲ್ಲಿ. ಈಗ ರೂಢಿಯಲ್ಲಿ ಎ ಸ್ವರ ಸೆಕೆಂಡಿಗೆ 440 ಕಂಪನ. ಬರೋಕ್‌ಗೆ ನಮಗೆ ಬೇಕಿದ್ದದ್ದು ಅರ್ಧ ಸ್ವರ ಕೆಳಗಿನ 415. ರೀಡುಗಳ, ಅಂದರೆ ಗಾಳಿಗೆ ನಡುಗಿ ದನಿ ಕೊಡುವ ಹಿತ್ತಾಳೆ ನಾಲಿಗೆಗಳ, ಬುಡ ಕೆರೆದು ಅರ್ಧ ಸ್ವರ ಇಳಿಸಬಹುದು, ಆದರೆ ಅಷ್ಟು ಕೆರೆದರೆ ಹಿತ್ತಾಳೆ ಸೊರಗುತ್ತೆ. ಹಾಗಾಗಿ ಅಷ್ಟೂ ರೀಡು ಬಿಚ್ಚಿ ಒಂದೊಂದು ಮನೆ ಬಲಕ್ಕೆ ಸರಿಸಿದೆವು. ಸಿ ಒತ್ತಿದರೆ ಈಗ ಬಿ ಕೇಳುತ್ತೆ. ಕೆಲವು ರೀಡು ಹೊಸ ಮನೆಯಲ್ಲಿ ಸಡಿಲವಾದವು, ಅವಕ್ಕೆ ಪಟ್ಟಿ ಕೊಟ್ಟು ಬಿಗಿ ಮಾಡಿದೆವು. ಪಟ್ಟಿ ಯಾವುದರದ್ದು ಅನ್ನೋದು ನಮ್ಮ ಹತ್ತಿರವೇ ಇರಲಿ. ಕೊರೆಲ್ಲಿ ಕಾಲದ ರೋಮ್‌ನಲ್ಲಿ ಸ್ವರ ಇನ್ನೂ ಕೆಳಗಿತ್ತು, ಗೊತ್ತು. ಅಷ್ಟು ಇಳಿಯೋಕೆ ಪೇಟಿಯಲ್ಲಿ ಜಾಗ ಇರಲಿಲ್ಲ.

ಶ್ರುತಿ ಮಾಡಿದ್ದು ನಮ್ಮೂರಿನ ಪೇಟಿ ರಿಪೇರಿ ಕಾಕಾ. ಹಿಂದೂಸ್ತಾನಿ ಕಿವಿ. ಗಾಂಧಾರವನ್ನು ಕೀಬೋರ್ಡಿನದ್ದಕ್ಕಿಂತ ಹದಿನಾಲ್ಕು ಸೆಂಟ್ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಇಳಿಸಬೇಕು ಅಂದಾಗ ಖುಷಿಯಾದರು. ಪಂಚಮವನ್ನೂ ಒಂಚೂರು ಇಳಿಸಿ ಅಂದ ಕೂಡಲೇ ರೀಡು ಕೆರೆಯುವ ಕಾನಸು ಕೆಳಗಿಟ್ಟರು. "ಗಾಂಧಾರ ಇಳಸೂದು ಖರೇನ ಐತ್ರಿ. ಪಂಚಮ ಯಾಕ ಕೆಡಸ್ತೀರಿ?" ನಾನು ವಾದ ಮಾಡಲಿಲ್ಲ. ಸಿಯಿಂದ ಜಿ, ಜಿಯಿಂದ ಡಿ, ಡಿಯಿಂದ ಎ, ಎಯಿಂದ ಇ, ನಾಲ್ಕೂ ಪಂಚಮ ಅವರ ಮನಸ್ಸಿಗೆ ಬರುವಷ್ಟು ಶುದ್ಧವಾಗಿ ಮಾಡಿಕೊಡಿ ಅಂದೆ. ಮಾಡಿದರು. ಆಮೇಲೆ ಸಿ ಮತ್ತು ಇ ಒಟ್ಟಿಗೆ ಒತ್ತಿಸಿದೆ. ಸಿಗೆ ಇ ಗಾಂಧಾರ, ಅದು ಮೇಲೇರಿ ಕೂತಿತ್ತು. ಮುಖ ಹಿಂಡಿಕೊಂಡರು. ಮತ್ತೊಮ್ಮೆ ಒತ್ತಿದರು. "ಅಂದ್ರ ನಾಕೂ ಒಂದೊಂದೀಟು ಬಿಟ್ಟುಕೊಡಬೇಕು, ಹೌದಲ್ರಿ?" ಹೌದು ಅಂದೆ. ನಡುವಿನ ಸಪ್ತಕದಲ್ಲಿ ಪಂಚಮ ಸೆಕೆಂಡಿಗೆ ಎರಡು ಸಲ ಅಲುಗಿದರೆ ಸಾಕು. ಅಲ್ಲಿಂದ ಮುಂದೆ ಅವರಿಗೆ ಟ್ಯೂನರ್ ಆ್ಯಪ್ ಬೇಕಾಗಲಿಲ್ಲ.

ಇದರಲ್ಲಿ ನಷ್ಟವೂ ಇದೆ. ಓಪಸ್ 3ರ ಒಂಬತ್ತನೆಯದು ಎಫ್ ಮೈನರ್. ಅದಕ್ಕೆ ಬೇಕಾದ ಎ ಫ್ಲ್ಯಾಟ್ ನಮ್ಮ ಪೇಟಿಯಲ್ಲಿ ಇಲ್ಲ, ಆ ಮನೆಯಲ್ಲಿ ಇರೋದು ಜಿ ಶಾರ್ಪ್. ಈ ಶ್ರುತಿಯಲ್ಲಿ ಎರಡೂ ಒಂದೇ ಅಲ್ಲ. ಒಮ್ಮೆ ನುಡಿಸಿ ನೋಡಿ ಪುಸ್ತಕ ಮುಚ್ಚಿದೆವು. ಆದರೆ ಎರಡನೆಯದು, ಡಿ ಮೇಜರ್, ಅದರ ಮೊದಲ ಕಾರ್ಡ್ ಹಿಡಿದು ಕೇಳಿ. ನಾವು ಬಾಡಿಗೆಗೆ ತಂದ ಕೀಬೋರ್ಡಿನಲ್ಲಿ ಅದು ಬರುತ್ತಿರಲಿಲ್ಲ.

ಇದರ ನಡುವೆ ಪಿಟೀಲಿಗೆ ಗಟ್ ತಂತಿಯ, ಅಂದರೆ ಪ್ರಾಣಿಯ ಕರುಳಿನ ತಂತಿಯ, ಹುಚ್ಚೂ ಹತ್ತಿತು. ಹೊರದೇಶದ ಒಂದು ಸೆಟ್‌ಗೆ ಆರೇಳು ಸಾವಿರ. ಸಾರಂಗಿಗೂ ಗಟ್ ತಂತಿಯೇ ತಾನೆ, ಅದನ್ನೇ ಹಾಕೋಣ ಅಂತ ಮೀರಜ್‌ನಿಂದ ತರಿಸಿದೆ. ಡಿ ಜಾಗಕ್ಕೆ ಹಾಕಿದ್ದು ಪರವಾಗಿಲ್ಲ, ದನಿ ದಪ್ಪ, ಚೆಂದ. ಎ ಜಾಗದ್ದು ಶ್ರುತಿಗೆ ಬರೋ ಮೊದಲೇ ಪಟ್ ಅಂತು. ಆಗಸ್ಟ್‌ನಲ್ಲಂತೂ ಬೆಳಗಾವಿ ಗಾಳಿಗೆ ಎಲ್ಲ ಉಬ್ಬಿ ಕೂತವು. ಈಗ ಕೆಳಗಿನ ಎರಡು ಗಟ್, ಮೇಲಿನ ಎರಡು ಮಾಮೂಲಿ ತಂತಿ. ಶುದ್ಧವಾದಿಗಳು ಕ್ಷಮಿಸಲಿ, ಬಿಡಲಿ.

ಚರ್ಚಿನ ಒಳಗೆ ಮೊದಲು ಬಲಿಪೀಠದ ಮುಂದೆಯೇ ನಿಂತೆವು. ದನಿಯೆಲ್ಲ ಚಾವಣಿಗೆ ಹೋಯಿತು, ವೇಗದ ಅಲೆಗ್ರೊ ಭಾಗ ಗಂಜಿಯಾಯಿತು. ಈಗ ಮುಂದಿನ ಎರಡು ಸಾಲು ಬೆಂಚು ಸರಿಸಿ ಜನರ ನಡುವೆಯೇ ಕೂರುತ್ತೇವೆ. ಪೇಟಿಯಲ್ಲಿ ಒಂದೇ ಸೆಟ್ ರೀಡು ತೆರೆದಿರುತ್ತೆ. ಇಲ್ಲದಿದ್ದರೆ ಪಿಟೀಲನ್ನು ನುಂಗಿಬಿಡುತ್ತೆ. ಕಾರ್ಡನ್ನು ಬರೆದಿರುವ ಅರ್ಧ ಹೊತ್ತಿಗೇ ಬಿಡಬೇಕು, ಉಳಿದರ್ಧ ಕಲ್ಲೇ ನುಡಿಸುತ್ತೆ. ಖಾಲಿ ಚರ್ಚಿನ ರಿಹರ್ಸಲ್ ನಂಬಬೇಡಿ. ನೂರಿಪ್ಪತ್ತು ಜನ ಸ್ವೆಟರ್ ಹಾಕಿಕೊಂಡು ಕೂತರೆ ಲೆಕ್ಕವೇ ಬೇರೆ. ಫ್ಯಾನ್ ಮಾತ್ರ ಹಾಕಲೇಬೇಡಿ, ಉದ್ದ ಸ್ವರವೆಲ್ಲ ನಡುಗುತ್ತೆ. ಅದಕ್ಕೇ ನಾವು ನವೆಂಬರ್‌ನಿಂದ ಫೆಬ್ರುವರಿ ಬಿಟ್ಟರೆ ನುಡಿಸಲ್ಲ.

ದುಡ್ಡಿನ ವಿಷಯ. ಟಿಕೆಟ್ ಇಲ್ಲ, ಬಾಗಿಲಲ್ಲಿ ಡಬ್ಬಿ. ಕೀಬೋರ್ಡ್ ಕಾಲದಲ್ಲಿ ಎರಡು ಸಾವಿರ ದಾಟಿದ್ದೇ ಜಾಸ್ತಿ. ಡಿಸೆಂಬರ್‌ನಲ್ಲಿ ಹತ್ತೊಂಬತ್ತು ಸಾವಿರದ ಹತ್ತಿರ ಬಂತು. ಅರ್ಧ ಚರ್ಚಿನ ಹೆಂಚು ರಿಪೇರಿಗೆ ಕೊಟ್ಟೆವು. ಚೆಲ್ಲೊ ನುಡಿಸುವ ಗೆಳೆಯ ಚೋರ್ಲಾ ಘಾಟ್ ಹತ್ತಿ ಗೋವಾದಿಂದ ಬರುತ್ತಾನೆ, ಅವನ ಪೆಟ್ರೋಲ್, ಕಾಕಾನ ಕೂಲಿ ಕಳೆದು ಮೊದಲ ಸಲ ಕೈಯಲ್ಲಿ ಏನೋ ಉಳಿಯಿತು. ಪೇಟಿಯ ಸಾಲ ಇನ್ನೂ ಇದೆ.

ಮುಂದಿನ ಬೆಂಚಿನ ಆ ಇಬ್ಬರು ಈಗ ತಮ್ಮ ಕಾರ್ಯಕ್ರಮಕ್ಕೆ ಪೇಟಿ ಕೇಳುತ್ತಿದ್ದಾರೆ. ದಿನಕ್ಕೆ ಎರಡು ಸಾವಿರ ಬಾಡಿಗೆ, ಟೆಂಪೋ ನಿಮ್ಮದು, ಕಾಕಾ ಜೊತೆಗೇ ಬರ್ತಾರೆ ಅಂದಿದ್ದೇನೆ. ಕಾಕಾ ಬೇಕಾ ಅಂತ ಚೌಕಾಸಿ ನಡೆದಿದೆ.