ಸಾಲ್ಮನ್ ಮೈಯ ಹೇನು ತಿನ್ನಲು ಮೀನು ಬಿಡುವುದು ಹೇಗೆ?

ಸಮುದ್ರದ ಪಂಜರಗಳಲ್ಲಿ ಸಾಲ್ಮನ್ ಸಾಕುವವರಿಗೆ ದೊಡ್ಡ ತಲೆನೋವು ಸಮುದ್ರ ಹೇನು. ಇದು ಸಿಗಡಿ, ಏಡಿಗಳ ದೂರದ ನೆಂಟ. ಬೆಳೆದ ಹೆಣ್ಣು ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಉದ್ದ. ಹಿಂದೆ ದಾರದಂಥ ಎರಡು ಎಳೆಗಳಲ್ಲಿ ಮೊಟ್ಟೆ ಜೋತಾಡುತ್ತಿರುತ್ತದೆ. ಮೀನಿನ ಲೋಳೆ, ಚರ್ಮ, ರಕ್ತವೇ ಇದರ ಊಟ. ಹಲವು ಔಷಧಿಗಳಿಗೆ ಈಗ ಇದು ಜಗ್ಗುವುದಿಲ್ಲ. ಅದಕ್ಕೇ ನಾರ್ವೆ, ಸ್ಕಾಟ್ಲೆಂಡ್‌ಗಳಲ್ಲಿ ಹೇನು ಹೆಕ್ಕಿ ತಿನ್ನುವ ಮೀನುಗಳನ್ನು ಪಂಜರಕ್ಕೆ ಬಿಡುತ್ತಾರೆ. ನಾರ್ವೆಯಲ್ಲಿ ಇದರ ಪ್ರಯೋಗ ಶುರುವಾದದ್ದು 1980ರ ದಶಕದಲ್ಲಿ.

ಮೊದಲು ನೀರಿನ ಉಷ್ಣಾಂಶ ನೋಡಿ. ಬ್ಯಾಲನ್ ರಾಸ್, ಗೋಲ್ಡ್‌ಸಿನಿ ರಾಸ್‌ನಂಥ ಮೀನುಗಳು ಬೇಸಿಗೆಯಲ್ಲಿ ಚುರುಕು. ನೀರು ತೀರಾ ತಣ್ಣಗಾದರೆ ಮೂಲೆ ಹಿಡಿದು ಕೂರುತ್ತವೆ. ಚಳಿ ನೀರಿಗೆ ಲಂಪ್‌ಫಿಶ್ ವಾಸಿ. ಆದರೆ ಅದು ದೊಡ್ಡದಾದಂತೆ ಹೇನಿನ ಮೇಲಿನ ಆಸೆ ಕಮ್ಮಿಯಾಗುತ್ತದೆ, ಹಾಗಾಗಿ ಚಿಕ್ಕದನ್ನೇ ಬಿಡಬೇಕು. ತೀರಾ ಚಿಕ್ಕದಾದರೆ ಬಲೆಯ ಕಣ್ಣಿನಲ್ಲಿ ನುಸುಳಿ ಹೋಗುತ್ತದೆ, ಅದನ್ನೂ ಅಳೆದು ನೋಡಿ. ಸಾಮಾನ್ಯವಾಗಿ ನೂರು ಸಾಲ್ಮನ್‌ಗೆ ಐದರಿಂದ ಹತ್ತು ಮೀನು ಬಿಡುತ್ತಾರೆ. ಹೇನು ತುಂಬಿದ ಮೇಲೆ ಓಡಾಡಿ ಪ್ರಯೋಜನವಿಲ್ಲ. ಕಮ್ಮಿ ಇರುವಾಗಲೇ ಬಿಡಿ.

ಮೀನು ಬರುವ ಮುಂಚೆ ಅಡಗುತಾಣ ಸಿದ್ಧವಿರಲಿ. ರಾಸ್‌ಗೆ ಕಡಲಕಳೆಯ ಹಾಗೆ ತೂಗುವ ಪ್ಲಾಸ್ಟಿಕ್ ಪಟ್ಟಿಗಳು ಸಾಕು. ಅದು ರಾತ್ರಿ ಅವುಗಳ ಸಂದಿಯಲ್ಲಿ ಮಲಗುತ್ತದೆ. ಲಂಪ್‌ಫಿಶ್‌ಗೆ ಹೊಟ್ಟೆಯ ಕೆಳಗೆ ಅಂಟುವ ಬಟ್ಟಲು ಇದೆ, ಅದಕ್ಕೆ ನುಣುಪಾದ ಹಲಗೆ ಬೇಕು. ಇವನ್ನೆಲ್ಲ ಸಾಲ್ಮನ್ ಓಡಾಡುವ ಜಾಗದ ಹತ್ತಿರವೇ ಇಳಿಬಿಡಿ. ದೂರದ ಮೂಲೆಯಲ್ಲಿಟ್ಟರೆ ಎರಡೂ ಭೇಟಿಯಾಗುವುದೇ ಇಲ್ಲ.

ಇನ್ನು ಬಲೆ. ಹೆಚ್ಚಿನ ಕಡೆ ಕೆಲಸ ಕೆಡುವುದು ಇಲ್ಲೇ ಅಂತ ನನ್ನ ಅಭಿಪ್ರಾಯ. ಬಲೆಗೆ ಪಾಚಿ, ಚಿಪ್ಪುಜೀವಿಗಳು ಹತ್ತಿದರೆ ಈ ಮೀನುಗಳು ಅದನ್ನೇ ಮೇಯುತ್ತವೆ. ಎದುರಿಗೇ ಸುಲಭದ ಊಟ ಇರುವಾಗ ಈಜುವ ಸಾಲ್ಮನ್ ಹಿಂದೆ ಯಾರು ಓಡುತ್ತಾರೆ, ಅಲ್ವಾ? ಆಗಾಗ ಬಲೆ ತೊಳೆಸಿ. ಹಾಗಂತ ಹಸಿವಿನಲ್ಲೂ ಬಿಡಬೇಡಿ. ಹೇನಿನಿಂದಲೇ ಹೊಟ್ಟೆ ತುಂಬುವುದಿಲ್ಲ. ಅಡಗುತಾಣದ ಪಕ್ಕ ಅವುಗಳದೇ ಆಹಾರವನ್ನು ಅಳತೆ ಮಾಡಿ ಕೊಡಿ.

ಎಣಿಕೆ ವಾರಕ್ಕೊಮ್ಮೆ ಆಗಲಿ. ಕೆಲವು ಸಾಲ್ಮನ್ ಹಿಡಿದು, ಅರಿವಳಿಕೆ ಔಷಧಿ ಬೆರೆಸಿದ ನೀರಿನ ತೊಟ್ಟಿಗೆ ಹಾಕಿ, ಎರಡೂ ಮಗ್ಗುಲು ತಿರುಗಿಸಿ ಎಣಿಸಿ. ತೊಟ್ಟಿಯ ತಳವನ್ನೂ ನೋಡಿ, ಉದುರಿದ ಹೇನು ಅಲ್ಲೇ ಬಿದ್ದಿರುತ್ತವೆ. ನಾರ್ವೆಯ ನಿಯಮದಂತೆ ಒಂದು ಸಾಲ್ಮನ್‌ಗೆ ಸರಾಸರಿ 0.5 ಬೆಳೆದ ಹೆಣ್ಣು ಹೇನಿಗಿಂತ ಜಾಸ್ತಿ ಇರಬಾರದು. ಸಾಲ್ಮನ್ ಮರಿಗಳು ನದಿಯಿಂದ ಸಮುದ್ರಕ್ಕಿಳಿಯುವ ವಸಂತದ ವಾರಗಳಲ್ಲಿ ಈ ಮಿತಿ 0.2.

ಎಣಿಕೆ ಏರಿ ಬಿಸಿನೀರಿನಿಂದಲೋ ಬ್ರಷ್‌ನಿಂದಲೋ ಹೇನು ತೆಗೆಯಬೇಕಾದರೆ, ಮೊದಲು ಹೇನು ತಿನ್ನುವ ಮೀನುಗಳನ್ನು ಹೊರತೆಗೆಯಿರಿ. ಆ ಏಟು ಅವು ತಾಳುವುದಿಲ್ಲ. ಬಲೆಯನ್ನು ನಿಧಾನ ಎತ್ತಿ. ರಾಸ್‌ಗಳ ಹೊಟ್ಟೆಯೊಳಗಿನ ಗಾಳಿಚೀಲ ಒತ್ತಡ ಇಳಿದಂತೆ ಉಬ್ಬಿಕೊಳ್ಳುತ್ತದೆ.

ಸತ್ತವನ್ನು ದಿನಾ ತೆಗೆದು ಬರೆದಿಡಿ. ಸಾವು ಹೆಚ್ಚಿದರೆ ಸುಮ್ನೆ ಹೊಸ ಮೀನು ತುಂಬಿಸಬೇಡಿ. ಅದು ರೋಗವೋ, ಗಾಯವೋ, ಹಸಿವೋ ಅಂತ ಮೀನು ವೈದ್ಯರಿಂದ ತಿಳಿದುಕೊಂಡ ಮೇಲೆಯೇ ಮುಂದಿನ ಮೀನುಗಳನ್ನು ತರಿಸಿ.