ಕ್ವಾಂಟಂ ಹೆಣಿಗೆಯನ್ನು ಕಾಗದ-ಪೆನ್ಸಿಲ್ ಹಿಡಿದು ಅರ್ಥಮಾಡಿಕೊಳ್ಳುವ ಬಗೆ

ಎರಡು ಕಣಗಳು ಎಷ್ಟೇ ದೂರವಿದ್ದರೂ ಅವುಗಳ ಅಳತೆಯ ಫಲಿತಾಂಶಗಳು ಒಂದಕ್ಕೊಂದು ತಳುಕುಹಾಕಿಕೊಂಡಿರುವುದೇ ಕ್ವಾಂಟಂ ಹೆಣಿಗೆ, ಅಂದರೆ ಎಂಟ್ಯಾಂಗಲ್‌ಮೆಂಟ್. ಅದರ ಕುರಿತ ಬರಹಗಳು ಸಾಮಾನ್ಯವಾಗಿ ಅಚ್ಚರಿಯಲ್ಲಿ ಆರಂಭವಾಗಿ ಅಚ್ಚರಿಯಲ್ಲೇ ಮುಗಿಯುತ್ತವೆ. ವಿಷಯ ನಿಜಕ್ಕೂ ಮನಸ್ಸಿಗೆ ಇಳಿಯಬೇಕಾದರೆ ಒಂದು ಸಣ್ಣ ಎಣಿಕೆಯನ್ನು ಸ್ವತಃ ಮಾಡಿ ನೋಡಬೇಕು. ಅದಕ್ಕೆ ಭಿನ್ನರಾಶಿಗಿಂತ ಹೆಚ್ಚಿನ ಗಣಿತ ಬೇಕಾಗಿಲ್ಲ.

ಮೊದಲು ಪ್ರಯೋಗವನ್ನು ಕಣ್ಣಮುಂದೆ ತಂದುಕೊಳ್ಳಿ. 405 ನ್ಯಾನೊಮೀಟರ್ ತರಂಗಾಂತರದ ನೇರಳೆ ಲೇಸರ್ ಕಿರಣವನ್ನು ಬೇರಿಯಂ ಬೋರೇಟ್ ಹರಳಿನೊಳಗೆ ಹಾಯಿಸಿದಾಗ, ಅಪರೂಪಕ್ಕೊಮ್ಮೆ ಒಂದು ಫೋಟಾನ್ (ಬೆಳಕಿನ ಕಣ) ಇಬ್ಭಾಗವಾಗಿ ತಲಾ 810 ನ್ಯಾನೊಮೀಟರಿನ ಎರಡು ಅವಕೆಂಪು ಫೋಟಾನುಗಳು ಹೊರಬರುತ್ತವೆ. ಹರಳುಗಳನ್ನು ತಕ್ಕ ರೀತಿಯಲ್ಲಿ ಅಣಿಗೊಳಿಸಿದ್ದರೆ ಈ ಜೋಡಿ ಹೆಣೆದುಕೊಂಡಿರುತ್ತದೆ. ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಕಳಿಸಿ, ಎರಡೂ ಕಡೆ ಒಂದೊಂದು ಪೋಲರೈಸರ್, ಅಂದರೆ ಬೆಳಕಿನ ಕಂಪನದ ದಿಕ್ಕನ್ನು ನೋಡಿ ಸೋಸುವ ಫಲಕ, ಇಡಲಾಗುತ್ತದೆ. ಅದನ್ನು 0, 60, 120 ಡಿಗ್ರಿಗಳಲ್ಲಿ ಯಾವುದಾದರೂ ಒಂದಕ್ಕೆ ತಿರುಗಿಸಬಹುದು. ಫೋಟಾನ್ ಅದನ್ನು ದಾಟುತ್ತದೆ, ಇಲ್ಲವೇ ಅಲ್ಲಿಯೇ ತಡೆಯಲ್ಪಡುತ್ತದೆ.

ಎರಡೂ ಕಡೆ ಒಂದೇ ಕೋನವಿಟ್ಟರೆ ಫಲಿತಾಂಶ ಪ್ರತಿ ಸಲವೂ ಒಂದೇ ಆಗಿರುತ್ತದೆ. ಇದರಲ್ಲೇನು ವಿಶೇಷ ಎಂದು ಕೇಳುವುದು ಸಹಜ. ಒಂದು ಜೊತೆ ಚಪ್ಪಲಿಯನ್ನು ಬೇರ್ಪಡಿಸಿ ಧಾರವಾಡಕ್ಕೊಂದು, ಮೈಸೂರಿಗೊಂದು ಕಳಿಸಿದರೆ, ಧಾರವಾಡದಲ್ಲಿ ಎಡಗಾಲಿನದು ಕಂಡ ಕೂಡಲೇ ಮೈಸೂರಿನದು ಬಲಗಾಲಿನದೆಂದು ಹೇಳಬಹುದಲ್ಲ! ಐನ್‌ಸ್ಟೈನ್, ಪೊಡೋಲ್ಸ್ಕಿ ಮತ್ತು ರೋಸೆನ್ 1935ರಲ್ಲಿ ಮಂಡಿಸಿದ ವಾದದ ತಿರುಳೂ ಹೆಚ್ಚುಕಡಿಮೆ ಇದೇ: ದಾಟುವುದೋ ಇಲ್ಲವೋ ಎಂಬ ಉತ್ತರಗಳು ಫೋಟಾನುಗಳು ಹೊರಡುವಾಗಲೇ ನಿಗದಿಯಾಗಿರಬೇಕು, ಅದನ್ನು ಹೇಳಲಾರದ ಕ್ವಾಂಟಂ ಸಿದ್ಧಾಂತ ಅಪೂರ್ಣ. ಇದು ಹಗುರವಾಗಿ ತಳ್ಳಿಹಾಕುವ ವಾದವಲ್ಲ. ಇದನ್ನು ಪ್ರಯೋಗದಿಂದಲೇ ಪರೀಕ್ಷಿಸಬಹುದೆಂದು ತೋರಿಸಲು 1964ರಲ್ಲಿ ಭೌತವಿಜ್ಞಾನಿ ಜಾನ್ ಬೆಲ್ ಬರಬೇಕಾಯಿತು.

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಉತ್ತರಗಳು ಮೊದಲೇ ನಿಗದಿಯಾಗಿದ್ದರೆ, ಜೋಡಿಯ ಎರಡೂ ಫೋಟಾನುಗಳು ಮೂರು ಕೋನಗಳಿಗೂ ಸಿದ್ಧ ಉತ್ತರವಿರುವ ಒಂದೇ ಪಟ್ಟಿಯನ್ನು ಹೊತ್ತು ಹೊರಟಿರಬೇಕು. ದಾಟುವುದಕ್ಕೆ ‘ದಾ’, ತಡೆಗೆ ‘ತ’ ಎಂದು ಬರೆದರೆ ಸಾಧ್ಯವಿರುವ ಪಟ್ಟಿಗಳು ಎಂಟು. ‘ದಾ, ದಾ, ತ’ ಎಂಬುದನ್ನು ನೋಡಿ: 0 ಮತ್ತು 60ರ ಉತ್ತರಗಳು ಹೊಂದುತ್ತವೆ, ಉಳಿದ ಎರಡು ಜೋಡಣೆಗಳಲ್ಲಿ ಹೊಂದುವುದಿಲ್ಲ. ಎಂಟನ್ನೂ ಹೀಗೆಯೇ ಪರಿಶೀಲಿಸಿದರೆ ಆರು ಪಟ್ಟಿಗಳಲ್ಲಿ ಮೂರಕ್ಕೊಂದು ಹೊಂದಾಣಿಕೆ, ಉಳಿದೆರಡರಲ್ಲಿ ಪೂರ್ತಿ ಹೊಂದಾಣಿಕೆ ಕಾಣುತ್ತದೆ. ಆದ್ದರಿಂದ ಎರಡು ಕಡೆಯ ಕೋನಗಳು ಒಂದೇ ಆಗದಂತೆ, ಉಳಿದಂತೆ ಮನಬಂದಂತೆ ಆರಿಸುತ್ತ ಹೋದರೆ, ಪಟ್ಟಿಗಳನ್ನು ಯಾವ ಪ್ರಮಾಣದಲ್ಲಿ ಬೆರೆಸಿದ್ದರೂ ಸರಾಸರಿ ಹೊಂದಾಣಿಕೆ 1/3ಕ್ಕಿಂತ ಕಡಿಮೆಯಾಗಲಾರದು. ಆದರೆ ಕ್ವಾಂಟಂ ಸಿದ್ಧಾಂತ ಹೇಳುವ ಪ್ರಮಾಣ ಎರಡು ಕೋನಗಳ ನಡುವಿನ ಅಂತರವಾದ 60 ಡಿಗ್ರಿಯ ಕೊಸೈನಿನ (1/2) ವರ್ಗ, ಅಂದರೆ 1/4. ಈ ಅಂತರದಲ್ಲೇ ಇಡೀ ವಿಷಯವಿದೆ. ಇಲ್ಲಿ ಸ್ವಲ್ಪ ಹೊತ್ತು ನಿಂತು, ಪಟ್ಟಿಗಳನ್ನು ಇನ್ನೊಮ್ಮೆ ಬರೆದು ನೋಡುವುದು ಒಳ್ಳೆಯದು.

ಪ್ರಯೋಗಗಳು ಕ್ವಾಂಟಂ ಸಿದ್ಧಾಂತದ ಪರವಾಗಿ ನಿಂತವು. 1972ರಲ್ಲಿ ಫ್ರೀಡ್‌ಮನ್ ಮತ್ತು ಕ್ಲೌಸರ್, 1982ರಲ್ಲಿ ಫೋಟಾನುಗಳು ದಾರಿಯಲ್ಲಿರುವಾಗಲೇ ಅಳತೆಯ ದಿಕ್ಕು ಬದಲಾಗುವಂತೆ ಮಾಡಿ ಅಲೇನ್ ಆಸ್ಪೆ, 2015ರಲ್ಲಿ ವಜ್ರಗಳೊಳಗಿನ ಎಲೆಕ್ಟ್ರಾನುಗಳನ್ನು 1.3 ಕಿ.ಮೀ. ಅಂತರದಲ್ಲಿಟ್ಟು ಡೆಲ್ಫ್ಟ್ ನಗರದ ತಂಡ ಇದನ್ನು ಪರೀಕ್ಷಿಸಿದರು. ಕ್ಲೌಸರ್, ಆಸ್ಪೆ ಮತ್ತು ಆಂಟನ್ ಝೈಲಿಂಗರ್ ಅವರಿಗೆ 2022ರ ನೊಬೆಲ್ ಸಂದಿತು.

ಇಷ್ಟಾದರೂ, ಬೆಳಕನ್ನು ಮೀರಿದ ವೇಗದಲ್ಲಿ ಸಂದೇಶ ಕಳಿಸಬಹುದೆಂದು ಯಾರಾದರೂ ಬರೆದಿದ್ದರೆ ನಂಬಬೇಡಿ. ಎಡಗಡೆ ಏನೇ ಮಾಡಿದರೂ ಬಲಗಡೆಯವರಿಗೆ ತಮ್ಮ ಫೋಟಾನುಗಳಲ್ಲಿ ಅರ್ಧ ದಾಟುವುದೂ ಅರ್ಧ ನಿಲ್ಲುವುದೂ ಮಾತ್ರ ಕಾಣುತ್ತದೆ. ಹೊಂದಾಣಿಕೆ ತಿಳಿಯಬೇಕಾದರೆ ಎರಡೂ ಕಡೆಯ ದಾಖಲೆಗಳನ್ನು ಫೋನು, ಮಿಂಚಂಚೆಯಂಥ ಮಾಮೂಲಿ ದಾರಿಯಲ್ಲೇ ತರಿಸಿ ಹೋಲಿಸಬೇಕು.

ಉಪಯೋಗವೂ ಇದೇ ಎಣಿಕೆಯಿಂದ ಹುಟ್ಟುತ್ತದೆ. 1991ರಲ್ಲಿ ಆರ್ಟುರ್ ಎಕರ್ಟ್ ಸೂಚಿಸಿದ ವಿಧಾನದಲ್ಲಿ, ಒಂದೇ ಕೋನದ ಉತ್ತರಗಳು ಇಬ್ಬರಿಗೂ ಸಮಾನವಾದ ರಹಸ್ಯ ಕೀಲಿಯಾಗುತ್ತವೆ. ಬೇರೆ ಕೋನಗಳ ಉತ್ತರಗಳು ಕಾವಲು ಕಾಯುತ್ತವೆ. ನಡುದಾರಿಯಲ್ಲಿ ಯಾರಾದರೂ ಫೋಟಾನನ್ನು ಅಳೆದು ನೋಡಿದರೆ ಹೆಣಿಗೆ ಕಳಚಿ, ಹೊಂದಾಣಿಕೆಯ ಲೆಕ್ಕ ಕೆಡುತ್ತದೆ. ಚೀನಾದ ಮಿಸಿಯಸ್ ಉಪಗ್ರಹ 2017ರಲ್ಲಿ ಹೆಣೆದ ಫೋಟಾನುಗಳನ್ನು 1,200 ಕಿ.ಮೀ. ದೂರದ ಎರಡು ನೆಲೆಗಳಿಗೆ ತಲುಪಿಸಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಇಸ್ರೊ ಜೊತೆಗೂಡಿ ಕ್ವಾಂಟಂ ಕೀಲಿ ಹಂಚಿಕೆಯ ಮೇಲೆ ಕೆಲಸ ಮಾಡಿದೆ.

ಕ್ವಾಂಟಂ ಕಂಪ್ಯೂಟರಿಗೂ ಹೆಣಿಗೆ ಬೇಕೇ ಬೇಕು. 50 ಕ್ಯೂಬಿಟ್‌ಗಳು (ಕ್ವಾಂಟಂ ಕಂಪ್ಯೂಟರಿನ ಮಾಹಿತಿಯ ಮೂಲ ಘಟಕಗಳು) ಬಿಡಿಬಿಡಿಯಾಗಿದ್ದರೆ ನೂರು ಸಂಖ್ಯೆಗಳಲ್ಲಿ ಅವುಗಳ ಸ್ಥಿತಿಯನ್ನು ಬರೆದಿಡಬಹುದು, ಸಾಮಾನ್ಯ ಲ್ಯಾಪ್‌ಟಾಪ್ ಅದನ್ನು ನಿಭಾಯಿಸುತ್ತದೆ. ಅವೇ ಪೂರ್ತಿ ಹೆಣೆದುಕೊಂಡರೆ 2ರ 50ನೇ ಘಾತದಷ್ಟು, ಅಂದರೆ ಸಾವಿರ ಲಕ್ಷ ಕೋಟಿಗೂ ಮಿಕ್ಕ ಸಂಖ್ಯೆಗಳು ಬೇಕಾಗಬಹುದು.